ಇಬ್ಬರ ನಡುವಿನ ಮೂರನೆಯವನು

‘ಇಬ್ಬರ ಜಗಳ, ಮೂರನೆಯವನಿಗೆ ಲಾಭ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆ ಗಾದೆಯ ಮೂರನೆಯವನು ನಮ್ಮ ಗೌರವಕ್ಕೆ ಪಾತ್ರನಾದವನಲ್ಲ. ಆದರೆ ಲೋಕವ್ಯವಹಾರದಲ್ಲಿ ಇನ್ನೊಬ್ಬ ಮೂರನೆಯವನಿದ್ದಾನೆ. ಅವನು ಬರುವುದು ಇಬ್ಬರು ಜಗಳವಾಡಿದಾಗಲ್ಲ, ಇಬ್ಬರು ಒಪ್ಪಿಕೊಂಡಾಗ. ಒಬ್ಬನು ಮಾರಲು ಒಪ್ಪಿದ್ದಾನೆ, ಇನ್ನೊಬ್ಬನು ಕೊಳ್ಳಲು ಒಪ್ಪಿದ್ದಾನೆ. ಆದರೆ ಸರಕು ಇರುವುದು ಇಂಡಿಯಲ್ಲಿ, ಅದನ್ನು ಬೇಡುವವನು ಇರುವುದು ಮುಂಬಯಿಯಲ್ಲಿ. ನಡುವೆ ಹೊಳೆಯಿದೆ, ಗಡಿಯಿದೆ, ಬಿಸಿಲಿದೆ, ರಾತ್ರಿಯಿದೆ. ಈ ನಡುವಣ ದೂರವನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುವವನೇ ಆ ಮೂರನೆಯವನು. ಸರಕು ಅವನದಲ್ಲ, ಹಣವೂ ಅವನದಲ್ಲ. ಆದರೂ ಕೆಲವು ಗಂಟೆಗಳ ಕಾಲ, ಕೆಲವು ದಿನಗಳ ಕಾಲ, ಇಬ್ಬರ ಅದೃಷ್ಟವೂ ಅವನ ಕೈಯಲ್ಲಿರುತ್ತದೆ.

ಇಂದಿನ ವಾಣಿಜ್ಯಶಾಸ್ತ್ರವು ಅವನಿಗೆ ಒಂದು ದೊಡ್ಡ ಹೆಸರನ್ನಿಟ್ಟಿದೆ: ಥರ್ಡ್ ಪಾರ್ಟಿ ಲಾಜಿಸ್ಟಿಕ್ಸ್. ಕನ್ನಡದಲ್ಲಿ ಮೂರನೆಯ ಪಕ್ಷದ ಸರಕು ನಿರ್ವಹಣೆ ಎನ್ನಬಹುದು. ಹೆಸರು ಹೊಸದು. ಅಮೆರಿಕದಲ್ಲಿ 1980ರಲ್ಲಿ ಲಾರಿ ಸಾಗಣೆಯ ಮೇಲಿದ್ದ ಸರ್ಕಾರಿ ನಿರ್ಬಂಧಗಳು ಸಡಿಲಗೊಂಡ ತರುವಾಯ ಈ ಮಾತು ವ್ಯಾಪಾರಿಗಳ ಬಾಯಲ್ಲಿ ನೆಲೆಗೊಂಡಿತು. ಆದರೆ ಕೆಲಸ ಹಳೆಯದು. ನಮ್ಮ ವಿಜಯಪುರ ಜಿಲ್ಲೆಯ ಮಣ್ಣಿನಲ್ಲಂತೂ ಬಹು ಹಳೆಯದು. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಎಂಬ ನಾಲ್ಕು ಸೀಮೆಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ಮೂರನೆಯವನು ಯಾರು, ಏನು ಮಾಡುತ್ತಾನೆ, ಯಾರಿಗೆ ಉತ್ತರ ಹೇಳಬೇಕಾದವನು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಲಾಜಿಸ್ಟಿಕ್ಸ್ ಎಂಬ ಮಾತು ಹುಟ್ಟಿದ್ದು ಅಂಗಡಿಯಲ್ಲಲ್ಲ, ದಂಡಿನಲ್ಲಿ. ಸೈನ್ಯವನ್ನು ನಡೆಸುವುದು, ಇಳಿಸುವುದು, ಉಣಿಸುವುದು ಎಂಬ ಅರ್ಥದಲ್ಲಿ ಫ್ರೆಂಚರು ಅದನ್ನು ಬಳಸಿದರು. ಹಿಂದೆ ಮುದ್ದೇಬಿಹಾಳ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕಾಗಿರುವ ತಾಳಿಕೋಟೆಯ ಹೆಸರನ್ನು ಕೇಳಿದೊಡನೆ ನಮಗೆ 1565ರ ಯುದ್ಧ ನೆನಪಾಗುತ್ತದೆ. ಯುದ್ಧ ನಡೆದದ್ದು ಅಲ್ಲಿಂದ ಮುಂದೆ, ಕೃಷ್ಣೆಯ ಆಚೆಗೆ. ಸುಲ್ತಾನರ ಸೈನ್ಯಗಳು ಬಂದು ನೆರೆದದ್ದು ತಾಳಿಕೋಟೆಯಲ್ಲಿ. ಇತಿಹಾಸಕಾರರು ಆನೆ, ಕುದುರೆ, ತೋಪುಗಳ ಲೆಕ್ಕ ಹೇಳುತ್ತಾರೆ. ಆ ಕುದುರೆಗಳಿಗೆ ಹುರುಳಿಯನ್ನೂ ಆ ಜನಕ್ಕೆ ಜೋಳವನ್ನೂ ಹೊತ್ತು ತಂದವರು ಯಾರು ಎಂಬುದನ್ನು ಹೇಳುವವರು ಕಡಿಮೆ. ಹೊರುವವನ ಹೆಸರು ಚರಿತ್ರೆಯಲ್ಲಿ ಉಳಿಯುವುದಿಲ್ಲ. ಅವನು ಬಾರದಿದ್ದಾಗ ಮಾತ್ರ ಅವನ ನೆನಪಾಗುತ್ತದೆ.

ಸರಕನ್ನು ಸಾಗಿಸುವುದಕ್ಕೆ ಎರಡು ದಾರಿಗಳಿವೆ. ಒಂದು, ನಮ್ಮ ಸರಕನ್ನು ನಾವೇ ಹೊತ್ತು ನಡೆಯುವುದು. ಕೃಷ್ಣೆಯ ದಕ್ಷಿಣಕ್ಕಿರುವ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವಣಿಕ್ ಸಂಘವನ್ನು ಶಾಸನಗಳನ್ನು ಓದಿದವರು ಬಲ್ಲರು. ಅವರು ನಾನಾ ದೇಶಗಳನ್ನು ಸುತ್ತಿ ಕತ್ತೆ ಕೋಣಗಳ ಮೇಲೆ ಸರಕು ಹೇರಿ ಮಾರಿದವರು. ಮಾಲಿನ ಒಡೆಯರೂ ಅವರೇ, ದಾರಿಯ ಒಡೆಯರೂ ಅವರೇ. ಇನ್ನೊಂದು ದಾರಿ, ಹೊರುವುದನ್ನೇ ಕಾಯಕವಾಗಿ ಮಾಡಿಕೊಂಡವರಿಗೆ ಸರಕನ್ನು ಒಪ್ಪಿಸುವುದು. ಈ ನಾಲ್ಕು ಸೀಮೆಗಳಲ್ಲಿ ಇಂದಿಗೂ ಹರಡಿಕೊಂಡಿರುವ ತಾಂಡಾಗಳ ಲಂಬಾಣಿ ಜನರ ಪೂರ್ವಿಕರು ಈ ಎರಡನೆಯ ದಾರಿಯ ಮಹಾಪ್ರವೀಣರು. ಅವರು ಸ್ವಂತ ವ್ಯಾಪಾರವನ್ನೂ ಮಾಡುತ್ತಿದ್ದರು, ಪರರ ಸರಕನ್ನೂ ಹೊರುತ್ತಿದ್ದರು. 17ನೆಯ ಶತಮಾನದಲ್ಲಿ ಭಾರತವನ್ನು ಸುತ್ತಿದ ಫ್ರೆಂಚ್ ರತ್ನವರ್ತಕ ತಾವರ್ನಿಯೆ, ಹತ್ತು ಹನ್ನೆರಡು ಸಾವಿರ ಎತ್ತುಗಳ ಹೇರು ಒಟ್ಟಿಗೆ ಸಾಗುವುದನ್ನು ಕಂಡು ಬೆರಗಾದುದನ್ನು ಬರೆದಿಟ್ಟಿದ್ದಾನೆ. ಈ ಜನರಲ್ಲಿ ನಾಲ್ಕು ಪಂಗಡಗಳಿದ್ದು, ಒಂದೊಂದು ಪಂಗಡವು ಒಂದೊಂದೇ ಬಗೆಯ ಸರಕನ್ನು, ಎಂದರೆ ಅಕ್ಕಿ, ಇತರ ಧಾನ್ಯ, ಬೇಳೆ, ಉಪ್ಪುಗಳಲ್ಲಿ ಒಂದನ್ನು ಮಾತ್ರ, ಹೊರುತ್ತಿತ್ತೆಂದೂ ಅವನು ಹೇಳುತ್ತಾನೆ. ಮುಂದೆ 1791–92ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯವೂ ಕಾಳಿಗಾಗಿ ಈ ಎತ್ತಿನ ಹೇರುಗಳನ್ನೇ ನೆಚ್ಚಿಕೊಂಡಿತ್ತು. ಕಾದುವ ರಾಜರು ಬದಲಾದರು. ಹೊರುವ ಎತ್ತುಗಳು ಬದಲಾಗಲಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೂ ಒಂದು ಮಾತು ಇದೆ: ಹುಂಡೇಕರಿ. ಮರಾಠಿಯಲ್ಲೂ ಗಡಿಭಾಗದ ಕನ್ನಡದಲ್ಲೂ ಬಳಕೆಯಲ್ಲಿದ್ದ ಈ ಮಾತು ಈಗ ಹಲವು ಮನೆತನಗಳ ಅಡ್ಡಹೆಸರಾಗಿ ಉಳಿದುಕೊಂಡಿದೆ. ಹುಂಡಾ ಎಂದರೆ ಇಡಿಯಾಗಿ, ಒಟ್ಟಾಗಿ. ಸರಕನ್ನು ಇಂಥ ಊರಿನಿಂದ ಇಂಥ ಊರಿಗೆ ಮುಟ್ಟಿಸುತ್ತೇನೆ, ದಾರಿಯಲ್ಲಿ ಬರುವ ಸುಂಕದ ಕಟ್ಟೆಗಳ ಹಣವನ್ನೆಲ್ಲ ನಾನೇ ಕಟ್ಟಿಕೊಳ್ಳುತ್ತೇನೆ, ನೀವು ನನಗೆ ಒಟ್ಟು ಇಷ್ಟು ಕೊಟ್ಟರೆ ಸಾಕು ಎಂದು ಒಪ್ಪಂದ ಮಾಡಿಕೊಳ್ಳುವವನೇ ಹುಂಡೇಕರಿ. ಅಂದಿನ ದಾರಿಗಳಲ್ಲಿ ಹೆಜ್ಜೆಹೆಜ್ಜೆಗೂ ಸುಂಕ. ಯಾವ ಕಟ್ಟೆಯಲ್ಲಿ ಎಷ್ಟು, ಯಾವ ಹಾದಿ ಕ್ಷೇಮ, ಯಾವ ಹೊಳೆ ಯಾವ ತಿಂಗಳಲ್ಲಿ ತುಂಬುತ್ತದೆ ಎಂಬುದು ವರ್ತಕನಿಗೆ ತಿಳಿಯದು, ಹುಂಡೇಕರಿಗೆ ತಿಳಿದಿತ್ತು. ಅವನು ಮಾರುತ್ತಿದ್ದುದು ಬರಿಯ ಎತ್ತಿನ ಬೆನ್ನನ್ನಲ್ಲ, ದಾರಿಯ ಜ್ಞಾನವನ್ನು. ಅದರ ಜೊತೆಗೆ, ದಾರಿಯ ಚಿಂತೆಯನ್ನು ನನಗೆ ಬಿಡಿ ಎಂಬ ಭರವಸೆಯನ್ನು. ಇಂದಿನ ಮೂರನೆಯ ಪಕ್ಷದ ಸಂಸ್ಥೆಗಳು ಮಾರುವುದೂ ಇದನ್ನೇ.

ಕಾಲ ಮುಂದೆ ಸರಿಯಿತು. 1884ರಲ್ಲಿ ಹೊಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ಮೀಟರ್ ಗೇಜ್ ಹಳಿ ಬಂದಿತು. ಎತ್ತಿನ ಹೇರಿನ ಕಾಲ ಮುಗಿಯತೊಡಗಿತು. ಈ ದಾರಿಯಲ್ಲಿ ಪ್ರಯಾಣ ಮಾಡಿದವರು ಎರಡು ನಿಲ್ದಾಣಗಳ ಹೆಸರನ್ನು ಗಮನಿಸಿರಬಹುದು: ಇಂಡಿ ರೋಡ್ ಮತ್ತು ಬಸವನ ಬಾಗೇವಾಡಿ ರೋಡ್. ರೈಲ್ವೆಯ ಭಾಷೆಯಲ್ಲಿ ಹೀಗೆ ‘ರೋಡ್’ ಎಂಬ ಬಾಲವಿದ್ದರೆ, ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ ಇಲ್ಲಿದೆ ಎಂದು ಅರ್ಥ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗಂತೂ ಆ ಬಾಲವೂ ದಕ್ಕಲಿಲ್ಲ. ಹೀಗಾಗಿ ರೈಲು ಬಂದ ಮೇಲೂ ಮೂರನೆಯವನ ಕೆಲಸ ನಿಲ್ಲಲಿಲ್ಲ. ನಿಲ್ದಾಣದಿಂದ ಪೇಟೆಯವರೆಗಿನ ಆ ಕೆಲವು ಹರದಾರಿಗಳಿಗೆ ಅವನು ಚಕ್ಕಡಿ ಹೂಡಿಕೊಂಡು ನಿಂತ. ನೂರಾರು ಮೈಲಿ ಸಾಗಿಸಲು ತಗಲುವ ವೆಚ್ಚಕ್ಕಿಂತ ಕೊನೆಯ ಕೆಲವು ಮೈಲಿಗಳ ವೆಚ್ಚವೇ ಭಾರವೆಂದು ಇಂದಿನ ತಜ್ಞರು ಹೇಳುತ್ತಾರೆ. ಆ ಸತ್ಯವನ್ನು ಇಂಡಿಯ ವರ್ತಕನು ನಿಲ್ದಾಣದ ಫಲಕವನ್ನು ನೋಡಿಯೇ ಅರಿತಿದ್ದ.

ಆ ಹಳಿಯ ದಕ್ಷಿಣದ ತುದಿಯಾದ ಗದಗಿನಲ್ಲಿಯೇ ಕರ್ನಾಟಕದ ಸಾಗಣೆಯ ಚರಿತ್ರೆಯ ಇನ್ನೊಂದು ಅಧ್ಯಾಯ ಆರಂಭವಾದುದು ಒಂದು ಸ್ವಾರಸ್ಯ. ಮುದ್ರಣ ಮತ್ತು ಪುಸ್ತಕ ಪ್ರಕಾಶನದ ಮನೆತನದಲ್ಲಿ ಹುಟ್ಟಿದ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಒಂದು ಲಾರಿಯೊಡನೆ ಗದಗಿನಲ್ಲಿ ಸಾಗಣೆಯ ವೃತ್ತಿಗೆ ಇಳಿದರು. ಮುಂದೆ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಬೆಳೆದ ವಿ.ಆರ್.ಎಲ್. ಸಂಸ್ಥೆಯ ವಿಶೇಷವಿರುವುದು ಪಾರ್ಸೆಲ್ ಸೇವೆಯಲ್ಲಿ. ಎಂದರೆ, ಇಡಿಯ ಲಾರಿಯನ್ನು ತುಂಬಲಾರದ ಸಣ್ಣ ಸಣ್ಣ ಗಂಟುಗಳನ್ನು ಒಟ್ಟುಗೂಡಿಸಿ ಸಾಗಿಸುವುದರಲ್ಲಿ. ಸಾಹಿತ್ಯಾಸಕ್ತರಿಗೆ ಇನ್ನೊಂದು ಸಂಗತಿಯೂ ನೆನಪಿರಬಹುದು. ಅದೇ ಸಂಕೇಶ್ವರರು 1999ರಲ್ಲಿ ಕನ್ನಡ ದಿನಪತ್ರಿಕೆಯೊಂದನ್ನು ಆರಂಭಿಸಿದರು. ದಿನಪತ್ರಿಕೆಯೆಂದರೆ ಬೆಳಗಾಗುವುದರೊಳಗೆ ಬಾಡಿಹೋಗುವ ಸರಕು. ಬರೆಯುವವರು, ಅಚ್ಚು ಹಾಕುವವರು ಎಷ್ಟೇ ಸಮರ್ಥರಿರಲಿ, ನಸುಕಿನಲ್ಲಿ ಕಟ್ಟನ್ನು ಇಳಿಸುವವನು ಬಾರದಿದ್ದರೆ ಅದು ರದ್ದಿ.

ಸಣ್ಣ ಗಂಟುಗಳನ್ನು ಕೂಡಿಸುವುದರಲ್ಲಿ ಏನು ಲಾಭವೆಂಬುದಕ್ಕೆ ಒಂದು ಊಹೆಯ ಲೆಕ್ಕವನ್ನು ನೋಡೋಣ. ಹತ್ತು ಟನ್ ಹೊರುವ ಲಾರಿಯೊಂದಕ್ಕೆ ಒಂದು ಸಾರಿಯ ಬಾಡಿಗೆ 20,000 ರೂಪಾಯಿ ಎನ್ನಿ. ಸಿಂದಗಿಯ ಒಬ್ಬ ವರ್ತಕನ ಬಳಿ ಇರುವುದು ಎರಡು ಟನ್ ತೊಗರಿಬೇಳೆ. ಅವನೊಬ್ಬನೇ ಲಾರಿ ಹಿಡಿದರೆ ಕಿಲೋ ಒಂದಕ್ಕೆ 10 ರೂಪಾಯಿ ದಾರಿಯ ಖರ್ಚು. ಅವನಂಥ ಐವರ ಮಾಲು ಕೂಡಿ ಲಾರಿ ತುಂಬಿದರೆ ಕಿಲೋ ಒಂದಕ್ಕೆ 2 ರೂಪಾಯಿ. ಮರಳಿ ಬರುವಾಗ ಲಾರಿಗೆ ಆ ಊರಿನ ಸರಕು ಸಿಕ್ಕಿತೆನ್ನಿ, ಅದನ್ನೇ ಚಾಲಕರು ರಿಟರ್ನ್ ಲೋಡ್ ಎನ್ನುತ್ತಾರೆ, ಖರ್ಚು ಇನ್ನೂ ಇಳಿಯುತ್ತದೆ. ಐವರು ವರ್ತಕರು ಒಬ್ಬರನ್ನೊಬ್ಬರು ಕಂಡಿಲ್ಲ. ಪೈಪೋಟಿಗಾರರಾಗಿದ್ದರೆ ಕಾಣುವ ಮನಸ್ಸೂ ಇರುವುದಿಲ್ಲ. ಅವರೆಲ್ಲರನ್ನೂ ಒಂದೇ ಗಾಡಿಯಲ್ಲಿ ಕೂಡಿಸಬಲ್ಲವನು ಅವರಲ್ಲಿ ಯಾರಿಗೂ ಸೇರದ ಮೂರನೆಯವನು ಮಾತ್ರ. ಅವನ ಮೊದಲ ಉಪಯೋಗ ಇದು.

ಎರಡನೆಯ ಉಪಯೋಗ ಇನ್ನೂ ದೊಡ್ಡದು. ಲಾರಿಯವನು ಸಾಗಿಸುತ್ತಾನೆ, ಗೋದಾಮಿನವನು ಇಡುತ್ತಾನೆ, ಹಮಾಲನು ಎತ್ತಿಳಿಸುತ್ತಾನೆ, ಗುಮಾಸ್ತನು ಕಾಗದ ಬರೆಯುತ್ತಾನೆ. ಇವರು ಬೇರೆ ಬೇರೆಯಾಗಿದ್ದಾಗ ಸರಕಿನ ಒಡೆಯನು ನಾಲ್ವರ ಬೆನ್ನು ಹತ್ತಬೇಕು. ಈ ಎಲ್ಲ ಕೆಲಸಗಳನ್ನೂ ಒಂದೇ ಒಪ್ಪಂದದೊಳಗೆ ತಂದು, ಕಾರ್ಖಾನೆಯ ಬಾಗಿಲಿನಲ್ಲಿ ಮಾಲನ್ನು ಎತ್ತಿಕೊಂಡು, ಬೇಕಾದಲ್ಲಿ ಇಟ್ಟು, ವಿಂಗಡಿಸಿ, ಪೆಟ್ಟಿಗೆಗೆ ತುಂಬಿ, ಕಾಗದಪತ್ರ ಮಾಡಿ, ಕೊಳ್ಳುವವನ ಬಾಗಿಲಿಗೆ ಮುಟ್ಟಿಸಿ, ಅವನು ಬೇಡವೆಂದರೆ ಮರಳಿ ತರುವವರೆಗೆ ಒಬ್ಬನೇ ಹೊಣೆಯಾಗುವುದೇ ಮೂರನೆಯ ಪಕ್ಷದ ಸರಕು ನಿರ್ವಹಣೆ. ನಮ್ಮ ದೇಶದಲ್ಲಿ ಇದಕ್ಕೆ ಹೊಸ ವೇಗ ಬಂದದ್ದು 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದ ಮೇಲೆ. ಅದಕ್ಕೆ ಮುಂಚೆ ರಾಜ್ಯ ದಾಟಿ ಮಾರಿದರೆ ಬೇರೆ ತೆರಿಗೆ ಇದ್ದುದರಿಂದ ದೊಡ್ಡ ಕಂಪನಿಗಳು ರಾಜ್ಯಕ್ಕೊಂದು ಸಣ್ಣ ಗೋದಾಮನ್ನು ಇಟ್ಟುಕೊಂಡಿದ್ದವು. ಆ ಕಾರಣ ಹೋದೊಡನೆ ಹಲವಾರು ಸಣ್ಣ ಗೋದಾಮುಗಳ ಬದಲು ಕೆಲವೇ ದೊಡ್ಡವು ಸಾಕಾದವು. ಅವನ್ನು ನಡೆಸುವುದನ್ನು ಆ ಕೆಲಸದ ನಿಪುಣರಿಗೆ ಬಿಡುವುದು ಲಾಭಕರವಾಯಿತು. ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆಯ ತಪಾಸಣಾ ಕಟ್ಟೆಗಳು ಎದ್ದುಹೋದವು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಯಲ್ಲಿ 50,000 ರೂಪಾಯಿಗೆ ಮೀರಿದ ಮಾಲಿಗೆ ಇ-ವೇ ಬಿಲ್ ಎಂಬ ವಿದ್ಯುನ್ಮಾನ ರಹದಾರಿ ಬಂದಿತು. ಹಳೆಯ ಹುಂಡೇಕರಿ ಸುಂಕದ ಕಟ್ಟೆಗಳನ್ನು ಬಲ್ಲವನಾಗಿದ್ದ. ಹೊಸ ಹುಂಡೇಕರಿ ಗಣಕಯಂತ್ರದ ಕಾಗದಗಳನ್ನು ಬಲ್ಲವನಾದ.

ಸರ್ಕಾರಿ ಬಸ್ಸೂ ಈ ಕೆಲಸದಲ್ಲಿ ಹಿಂದುಳಿದಿಲ್ಲ. 2021ರ ಫೆಬ್ರವರಿಯಲ್ಲಿ ರಾಜ್ಯದ ಸಾರಿಗೆ ನಿಗಮಗಳು ‘ನಮ್ಮ ಕಾರ್ಗೋ’ ಎಂಬ ಹೆಸರಿನಲ್ಲಿ ಬಸ್ಸುಗಳ ಮೂಲಕ ಪಾರ್ಸೆಲ್ ಸಾಗಿಸುವ ಸೇವೆಯನ್ನು ಆರಂಭಿಸಿದವು. ವಿಜಯಪುರ ಜಿಲ್ಲೆ ಇರುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವ್ಯಾಪ್ತಿಯಲ್ಲಿ. ಹಳಿಯಿಲ್ಲದ ಮುದ್ದೇಬಿಹಾಳಕ್ಕೂ ಸಿಂದಗಿಗೂ ದಿನಕ್ಕೆ ಹಲವು ಬಾರಿ ಹೋಗಿಬರುವುದು ಬಸ್ಸು. ಜನರಿಗಾಗಿ ಹೇಗೂ ಹೋಗಲೇಬೇಕಾದ ಗಾಡಿಯಲ್ಲಿ ಗಂಟನ್ನೂ ಹಾಕಿದರೆ ಗಂಟಿನ ದಾರಿಖರ್ಚು ಇಳಿಯುತ್ತದೆ ಎಂಬುದು ಇದರ ಹಿಂದಿರುವ ಸರಳ ತತ್ತ್ವ.

ಇಷ್ಟರವರೆಗೆ ಮೂರನೆಯವನ ಉಪಯೋಗವನ್ನು ಹೇಳಿದೆ. ಆದರೆ ಕೇಳುಗರೇ, ಅವನ ನಿಜವಾದ ಬೆಲೆ ಚಕ್ರದಲ್ಲಿಯೂ ಇಲ್ಲ, ಗೋದಾಮಿನಲ್ಲಿಯೂ ಇಲ್ಲ. ಸರಕು ಅವನ ಕೈಯಲ್ಲಿದ್ದಾಗ ಕೆಟ್ಟುಹೋದರೆ, ಕಳೆದುಹೋದರೆ, ಉತ್ತರ ಕೊಡುವವರು ಯಾರು? ಈ ಪ್ರಶ್ನೆಗೆ ಅವನು ‘ನಾನು’ ಎಂದರೆ ಅವನು ಮೂರನೆಯ ಪಕ್ಷ. ಇಲ್ಲವಾದರೆ ಬರಿಯ ಬಾಡಿಗೆಯವನು.

ಈ ಪ್ರಶ್ನೆಯನ್ನು ನಮ್ಮ ಹಿರಿಯರು ಸ್ಪಷ್ಟವಾಗಿ ಎದುರಿಸಿದ್ದಾರೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಹೊರುವವನನ್ನು ಕುರಿತು ಕೆಲವು ನಿಯಮಗಳಿವೆ. ರಾಜನಿಂದಾಗಲಿ ದೈವದಿಂದಾಗಲಿ ಆದ ನಷ್ಟವನ್ನು ಬಿಟ್ಟು, ಸರಕಿಗೆ ಬೇರಾವ ರೀತಿಯಲ್ಲಿ ನಷ್ಟವಾದರೂ ವಾಹಕನೇ ಅದನ್ನು ತುಂಬಿಕೊಡಬೇಕು. ಹೊರಡುವ ವೇಳೆಗೆ ವಿಘ್ನ ತಂದವನು ಕೂಲಿಯ ಎರಡರಷ್ಟನ್ನು ತೆರಬೇಕು. ಹೊರಟೊಡನೆ ಕೈಬಿಟ್ಟವನು ಕೂಲಿಯ ಏಳನೆಯ ಒಂದು ಭಾಗ, ದಾರಿಯಲ್ಲಿ ಬಿಟ್ಟವನು ನಾಲ್ಕನೆಯ ಒಂದು ಭಾಗ, ನಡುದಾರಿಯಲ್ಲಿ ಬಿಟ್ಟವನು ಪೂರ್ತಿ ಕೂಲಿಯನ್ನು ತೆರಬೇಕು. ಹೊರಿಸಿದವನೇ ನಡುವೆ ಕೈಬಿಟ್ಟರೆ ಅವನಿಗೂ ಇದೇ ಲೆಕ್ಕ. ಈ ಸ್ಮೃತಿಗೆ ಜಗತ್ಪ್ರಸಿದ್ಧವಾದ ವ್ಯಾಖ್ಯಾನ ಮಿತಾಕ್ಷರಾ. ಅದನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಇಂಡಿ ಸೀಮೆಯ ತದ್ದೇವಾಡಿಯನ್ನು ಕೇಂದ್ರವಾಗಿ ಉಳ್ಳ ತರ್ದವಾಡಿ ಸಾಸಿರವು ಅದೇ ಚಾಲುಕ್ಯರ ನಾಡು. ಎಂದರೆ, ಹೊರುವವನ ಹೊಣೆ ಎಷ್ಟು ಎಂಬ ವಿಚಾರ ನಡೆದದ್ದು ನಮ್ಮದೇ ರಾಜಧಾನಿಯಲ್ಲಿ, ಒಂಬತ್ತು ಶತಮಾನಗಳ ಹಿಂದೆ.

ಇಂಗ್ಲಿಷರ ಪರಂಪರಾಗತ ನ್ಯಾಯದಲ್ಲಿಯೂ ಬಹುಮಟ್ಟಿಗೆ ಇದೇ ಮಾತಿದೆ: ದೈವಕೃತ್ಯ ಮತ್ತು ರಾಜನ ಶತ್ರುಗಳ ಕೃತ್ಯ ಇವೆರಡನ್ನು ಬಿಟ್ಟು ಮಿಕ್ಕ ನಷ್ಟಕ್ಕೆಲ್ಲ ವಾಹಕನೇ ಹೊಣೆ. ಅಲ್ಲಿ ರಾಜನ ಶತ್ರು. ನಮ್ಮ ಸ್ಮೃತಿಕಾರನಿಗೆ ರಾಜನೇ ಸಾಕು! 1865ರ ವಾಹಕರ ಕಾಯಿದೆ ಈ ತತ್ತ್ವವನ್ನು ಭಾರತದ ರಸ್ತೆಗಳಿಗೆ ತಂದಿತು. ಅದರ ಸ್ಥಾನದಲ್ಲಿ ಈಗ 2007ರ ರಸ್ತೆ ಮೂಲಕ ಸರಕು ಸಾಗಣೆ ಕಾಯಿದೆ ಇದೆ. ಅದು 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಇದರ ಕೆಲವು ಅಂಶಗಳನ್ನು ಸರಕು ಕಳುಹಿಸುವ ಪ್ರತಿಯೊಬ್ಬರೂ ತಿಳಿದಿರುವುದು ಒಳ್ಳೆಯದು. ಸಾರ್ವಜನಿಕ ವಾಹಕನು ನೋಂದಣಿ ಮಾಡಿಸಿಕೊಂಡಿರಬೇಕು. ಸರಕನ್ನು ಒಪ್ಪಿಕೊಂಡಾಗ ರಸೀದಿ ಕೊಡಬೇಕು. ನಷ್ಟವಾದಾಗ ವಾಹಕನ ಅಲಕ್ಷ್ಯವನ್ನು ಸಾಬೀತುಪಡಿಸುವ ಭಾರ ಸರಕಿನ ಒಡೆಯನ ಮೇಲಿಲ್ಲ. ಆದರೆ ಒಂದು ಗಂಟು ಇಲ್ಲಿಯೇ ಇದೆ: ಮಾಲಿನ ಬೆಲೆಯನ್ನು ಮೊದಲೇ ಬರೆಯಿಸಿ ಹೆಚ್ಚಿನ ಹೊಣೆಗೆ ಹೆಚ್ಚಿನ ದರ ಕೊಡದಿದ್ದರೆ, ಪರಿಹಾರವು ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 300 ರೂಪಾಯಿ ಬಾಡಿಗೆ ತೆತ್ತ ಗಂಟಿನಲ್ಲಿ 20,000 ರೂಪಾಯಿಯ ಮಾಲಿದ್ದರೂ ಸಿಗುವುದು 3,000ಕ್ಕೆ ಮೀರದು. ಮತ್ತೊಂದು, ಸರಕನ್ನು ಒಪ್ಪಿಸಿದ ದಿನದಿಂದ 180 ದಿನಗಳೊಳಗೆ ವಾಹಕನಿಗೆ ಲಿಖಿತ ನೋಟೀಸು ಕೊಡದಿದ್ದರೆ ದಾವೆ ಹೂಡುವ ಹಕ್ಕೇ ಇರುವುದಿಲ್ಲ.

ಈಗ ಈ ಕಾಯಿದೆಯ ಬೆಳಕಿನಲ್ಲಿ ನಮ್ಮ ಸೀಮೆಯ ಒಂದು ಸರಕನ್ನು ನೋಡೋಣ. ಅದು ಇಂಡಿಯ ಲಿಂಬೆ. ರಾಜ್ಯದಲ್ಲಿ ಲಿಂಬೆಯನ್ನು ಹೆಚ್ಚಾಗಿ ಬೆಳೆಯುವುದು ವಿಜಯಪುರ ಜಿಲ್ಲೆ. ಅದರಲ್ಲಿಯೂ ಇಂಡಿ, ಸಿಂದಗಿಗಳ ಭಾಗ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲಿಯೇ. ತೆಳುವಾದ ಸಿಪ್ಪೆ, ತುಂಬಿದ ರಸ, ಘಮ. ಇವುಗಳಿಗಾಗಿ ಈ ಕಾಯಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. 2025ರ ಆಗಸ್ಟಿನಲ್ಲಿ ಆ ಮನ್ನಣೆಯ ಹೆಸರು ಹೊತ್ತ 3 ಟನ್ ಲಿಂಬೆ ಅರಬ್ ಸಂಯುಕ್ತ ಸಂಸ್ಥಾನಕ್ಕೆ ಹೋಯಿತು. ಹೆಮ್ಮೆಯ ಸಂಗತಿಯೇ ಸರಿ.

ಆದರೆ ಯಾವ ತೆಳು ಸಿಪ್ಪೆ ಲಿಂಬೆಯ ಗುಣವೋ ಅದೇ ದಾರಿಯಲ್ಲಿ ಅದರ ಶತ್ರು. ಕಿತ್ತ ಕಾಯಿ ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಕೆಲವೇ ದಿನ ತಾಳುತ್ತದೆ. 8ರಿಂದ 10 ಡಿಗ್ರಿ ಉಷ್ಣಾಂಶದಲ್ಲಿ, ತಕ್ಕ ತೇವದಲ್ಲಿ ಇಟ್ಟರೆ ವಾರಗಟ್ಟಲೆ ಉಳಿಯುತ್ತದೆ. ಅದಕ್ಕಿಂತ ತೀರ ತಣ್ಣಗಾದರೆ ಸಿಪ್ಪೆಗೆ ಗಾಯವಾಗಿ ಕಲೆ ಬೀಳುತ್ತದೆ. ಬಿಸಿಲೂ ಬೇಡ, ಅತಿ ಶೀತವೂ ಬೇಡ. ಮಳೆ ಕೈಕೊಟ್ಟ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ತರಿಸಿ ಗಿಡದ ಬುಡಕ್ಕೆ ಹಾಕಿ ತೋಟ ಉಳಿಸಿಕೊಂಡವರು ಈ ಸೀಮೆಯಲ್ಲಿ ಎಷ್ಟೋ ಮಂದಿ. ಹಾಗೆ ಕೊಂಡ ನೀರಿನಿಂದ ಬೆಳೆದ ಕಾಯಿ ಗೋಣಿಚೀಲದಲ್ಲಿ ಕಟ್ಟಿಸಿಕೊಂಡು, ಲಾರಿಯ ಅಡಿಯಲ್ಲಿ ಬಿದ್ದು, ಮುಂಬಯಿ, ಹೈದರಾಬಾದು, ದೆಹಲಿಗಳ ಪೇಟೆಗೆ ಹೋಗುವಷ್ಟರಲ್ಲಿ ಮೇಲಿನ ಭಾರಕ್ಕೆ ಜಜ್ಜಿಹೋದರೆ ಅದು ಬರಿಯ ಹಣ್ಣಿನ ನಷ್ಟವಲ್ಲ. ಅವನು ತೆತ್ತ ನೀರಿನ, ಕಾದ ಬೇಸಿಗೆಯ ನಷ್ಟ.

ಈ ನಷ್ಟವನ್ನು ಯಾರು ಹೊರುತ್ತಾರೆ? ಶಾಸ್ತ್ರದ ಪ್ರಕಾರ ವಾಹಕ. ಕಾಯಿದೆಯ ಪ್ರಕಾರವೂ ವಾಹಕ. ದೂರದ ಪೇಟೆಯಿಂದ ಬರುವ ಲೆಕ್ಕದ ಪಟ್ಟಿಯನ್ನು ನೋಡಿದವರು ಬೇರೆ ಉತ್ತರ ಹೇಳುತ್ತಾರೆ. ಬಾಡಿಗೆ ಇಷ್ಟು, ಹಮಾಲಿ ಇಷ್ಟು, ಕೊಳೆತದ್ದು ಇಷ್ಟು. ಕಳೆದು ಉಳಿದದ್ದು ರೈತನದು. ಕಾರಣವನ್ನು ಹುಡುಕಿದರೆ ಅದು ಯಾರೊಬ್ಬರ ದುಷ್ಟತನದಲ್ಲಿಲ್ಲ, ವ್ಯವಸ್ಥೆಯಲ್ಲಿದೆ. ಕಂಪನಿಯೊಂದು ತನ್ನ ಮಾಲನ್ನು ಕಳುಹಿಸುವಾಗ ವಾಹಕನನ್ನು ತಾನೇ ಆರಿಸುತ್ತದೆ, ಷರತ್ತು ಬರೆಯಿಸುತ್ತದೆ, ಬೆಲೆ ಘೋಷಿಸುತ್ತದೆ, ತಡವಾದರೆ ದಂಡ ಹಾಕುತ್ತದೆ. ಆ ವಾಹಕನು ಅದರ ಪಾಲಿಗೆ ನಿಜವಾದ ಮೂರನೆಯ ಪಕ್ಷ. ಹತ್ತು ಚೀಲ ಲಿಂಬೆಯ ರೈತನು ಲಾರಿಯನ್ನು ಗೊತ್ತುಮಾಡುವುದಿಲ್ಲ. ಅದನ್ನು ಗೊತ್ತುಮಾಡುವವನು ಮಧ್ಯಸ್ಥ ಅಥವಾ ಕೊಳ್ಳುವವನು. ರಸೀದಿಯಿದ್ದರೂ ಅದು ರೈತನ ಹೆಸರಿನಲ್ಲಿರುವುದು ಅಪರೂಪ. ಬಾಡಿಗೆ ತೆರುವುದು ಕೊನೆಗೆ ಅವನೇ. ಆದರೂ ವಾಹಕನ ಕಣ್ಣಿಗೆ ಅವನು ಗಿರಾಕಿಯಲ್ಲ. ಹೀಗಾಗಿ ಅವನ ವ್ಯವಹಾರದಲ್ಲಿ ಇರುವುದು ಎರಡೇ ಪಕ್ಷ: ಆ ಕಡೆ ಕೊಳ್ಳುವವನೂ ಸಾಗಿಸುವವನೂ ಕೂಡಿ ಒಂದು, ಈ ಕಡೆ ಅವನೊಬ್ಬ. ನಮ್ಮ ನಾಲ್ಕು ತಾಲ್ಲೂಕುಗಳ ಕೊರತೆ ಲಾರಿಗಳದಲ್ಲ. ಬೆಳೆದವನಿಗೆ ಉತ್ತರ ಹೇಳುವ ಮೂರನೆಯವನದು.

ಹಾಗಾದರೆ ಮಾಡಬೇಕಾದುದೇನು? ಹತ್ತು ಚೀಲದವನು ಒಬ್ಬನೇ ನಿಂತು ವಾಹಕನೊಡನೆ ಷರತ್ತು ಮಾಡಲಾರ. ಸಾವಿರ ಚೀಲದ ಗುಂಪು ಮಾಡಬಲ್ಲದು. ರೈತರ ಸಹಕಾರ ಸಂಘ, ಉತ್ಪಾದಕರ ಕಂಪನಿ ಎಂಬ ಸಂಸ್ಥೆಗಳ ಮೊದಲ ಪ್ರಯೋಜನ ಇರುವುದು ಇಲ್ಲಿಯೇ. ಬೆಲೆಯನ್ನು ಅವು ಪೇಟೆಯಲ್ಲಿ ಏರಿಸಲಾರವೇನೋ, ದಾರಿಯಲ್ಲಿ ಉಳಿಸಬಲ್ಲವು. ಸಂಘದ ಅಂಗಳದಲ್ಲಿಯೇ ಕಾಯಿಯನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಚೀಲದ ಬದಲು ಗಾಳಿಯಾಡುವ ಕ್ರೇಟುಗಳಿಗೆ ತುಂಬಿ, ಸಂಘದ ಹೆಸರಿನಲ್ಲಿ ರಸೀದಿ ಪಡೆದು, ಬೆಲೆಯನ್ನು ಬರೆಯಿಸಿ ಕಳುಹಿಸಿದರೆ ಆಗ ವಾಹಕನು ಇವರ ಮೂರನೆಯ ಪಕ್ಷ. ವಿದೇಶಕ್ಕೆ ಹೋದ ಆ 3 ಟನ್ನಿನ ಪಾಠವೂ ಇದೇ. ವಿದೇಶದ ಗಿರಾಕಿ ವಿಂಗಡಣೆ, ಕಟ್ಟು, ಕಾಗದ, ಉಷ್ಣಾಂಶ ಎಲ್ಲವನ್ನೂ ಕೇಳುತ್ತಾನೆ. ಕೇಳಿದಾಗ ನಾವು ಮಾಡುತ್ತೇವೆ. ಅದೇ ಶಿಸ್ತನ್ನು ಹೈದರಾಬಾದಿಗೆ ಹೋಗುವ ಕಾಯಿಗೂ ಕೊಟ್ಟರೆ ನಷ್ಟ ಕುಗ್ಗುತ್ತದೆ.

ಕೆಡದ ಸರಕಿನ ಮಾತು ಬೇರೆ. ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳಗಳ ಕರಿನೆಲದ ತೊಗರಿ, ಬಿಳಿಜೋಳ, ಕಡಲೆಗಳು ತಿಂಗಳುಗಟ್ಟಲೆ ಕಾಯಬಲ್ಲವು, ಕಾಯಲಾರದವನು ರೈತ. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಾರುವುದರಿಂದ ಬೆಲೆ ಬೀಳುತ್ತದೆ. ಇಲ್ಲಿ ಬೇಕಾದ ಮೂರನೆಯವನು ಚಕ್ರದವನಲ್ಲ, ಗೋದಾಮಿನವನು. 1957ರಿಂದ ಕೆಲಸ ಮಾಡುತ್ತಿರುವ ರಾಜ್ಯ ಉಗ್ರಾಣ ನಿಗಮದಂಥ ಸಂಸ್ಥೆಗಳು ಮಾಲನ್ನು ಇಟ್ಟುಕೊಂಡು ರಸೀದಿ ಕೊಡುತ್ತವೆ. ಆ ರಸೀದಿಯನ್ನು ಬ್ಯಾಂಕಿನಲ್ಲಿಟ್ಟು ಸಾಲ ಪಡೆಯಬಹುದು. 2007ರ ಉಗ್ರಾಣ ಕಾಯಿದೆಯು, ನೋಂದಾಯಿತ ಉಗ್ರಾಣದ ರಸೀದಿಯನ್ನು ಹುಂಡಿಯಂತೆ ಕೈಯಿಂದ ಕೈಗೆ ವರ್ಗಾಯಿಸಲೂ ಅವಕಾಶ ಮಾಡಿಕೊಟ್ಟಿದೆ. ಕಾಳು ಗೋದಾಮಿನಲ್ಲಿ ಕುಳಿತಿರುತ್ತದೆ. ಅದರ ಬೆಲೆ ಮಾತ್ರ ಕಾಗದವಾಗಿ ಓಡಾಡುತ್ತದೆ. ಬೇರೊಬ್ಬರ ವಸ್ತುವನ್ನು ನಂಬಿಕೆಯಿಂದ ಇಟ್ಟುಕೊಳ್ಳುವುದಕ್ಕೆ ನಮ್ಮ ಧರ್ಮಶಾಸ್ತ್ರಗಳಲ್ಲಿ ನಿಕ್ಷೇಪ ಎಂಬ ಸುಂದರವಾದ ಹೆಸರಿದೆ. 1872ರ ಕರಾರು ಕಾಯಿದೆಯೂ ಅಂಥವನು ಆ ವಸ್ತುವನ್ನು, ವಿವೇಕವುಳ್ಳ ಸಾಮಾನ್ಯ ಮನುಷ್ಯನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟೇ ಎಚ್ಚರದಿಂದ ನೋಡಿಕೊಳ್ಳಬೇಕೆಂದು ವಿಧಿಸುತ್ತದೆ.

ಒಂದು ಅಪಾಯವನ್ನೂ ಹೇಳದೆ ಬಿಡುವಂತಿಲ್ಲ. ಮೂರನೆಯವನು ದೊಡ್ಡವನಾದಂತೆ ತನ್ನ ಕೆಲಸವನ್ನು ನಾಲ್ಕನೆಯವನಿಗೆ, ಅವನು ಐದನೆಯವನಿಗೆ ಒಪ್ಪಿಸುತ್ತಾ ಹೋಗುತ್ತಾನೆ. ಕರಾರು ಬರೆದವನು ಮಹಾನಗರದಲ್ಲಿ. ನಿದ್ದೆಗೆಟ್ಟು ಗಾಡಿ ನಡೆಸುವವನು, ಬಿಸಿಲಿನಲ್ಲಿ ಚೀಲ ಇಳಿಸುವವನು, ಸಿಂದಗಿಯ ಓಣಿಯಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಪಾರ್ಸೆಲ್ ಹೊತ್ತು ಮನೆ ಹುಡುಕುವ ಹುಡುಗ, ಇವರು ಆ ಸರಪಳಿಯ ಕೊನೆಯ ಕೊಂಡಿಗಳು. ತಡವಾದಾಗ ಗದರಿಕೆ ಬೀಳುವುದು ಅವರ ಮೇಲೆ. ಹೊರುವವನ ಹೊಣೆಯನ್ನು ಹೇಳಿದ ಸ್ಮೃತಿಕಾರನು, ಹೊರಿಸಿದವನು ನಡುದಾರಿಯಲ್ಲಿ ಕೈಬಿಟ್ಟರೆ ಅವನೂ ತೆರಬೇಕೆಂದು ಹೇಳಿದುದನ್ನು ಇಲ್ಲಿ ನೆನೆಯಬೇಕು. ಹೊಣೆ ಒಂದೇ ಕಡೆಗೆ ಹರಿದರೆ ಅದು ನ್ಯಾಯವಲ್ಲ.

ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ ನಿಂತು ಈ ಮಾತನ್ನು ಆಡುವಾಗ, ಹನ್ನೆರಡನೆಯ ಶತಮಾನದ ಶರಣರಲ್ಲಿ ದೋಣಿ ನಡೆಸುವ ಚೌಡಯ್ಯನೂ ಸುಂಕ ವಸೂಲು ಮಾಡುವ ಬಂಕಣ್ಣನೂ ಇದ್ದರೆಂಬುದು ನೆನಪಾಗುತ್ತದೆ. ದಾರಿಯ ಮೇಲೆ ನಿಂತು ಬದುಕಿದವರ ವೃತ್ತಿಯೂ ಕಾಯಕವೆಂದು ಗಣ್ಯವಾದ ಕಾಲ ಅದು. ಅಂಬಿಗನಿಗೆ ಆಚೆಯ ದಡವೂ ತನ್ನದಲ್ಲ, ಈಚೆಯ ದಡವೂ ತನ್ನದಲ್ಲ. ನಡುವಿನ ನೀರಿನ ಮೇಲೆ ಮಾತ್ರ ಅವನ ಹೊಣೆ. ಆ ಹೊಣೆಯನ್ನು ಅವನು ಹೊರಬೇಕು, ನಾವು ಅದನ್ನು ಕೇಳಿ ಪಡೆಯಬೇಕು. ನೀವು ಕಳುಹಿಸುವುದು ಲಿಂಬೆಯ ಕ್ರೇಟಾಗಿರಲಿ, ತೊಗರಿಯ ಚೀಲವಾಗಿರಲಿ, ಮಗಳ ಊರಿಗೆ ಹೋಗುವ ಪುಸ್ತಕದ ಕಟ್ಟಾಗಿರಲಿ, ರಸೀದಿಯನ್ನು ನಿಮ್ಮ ಹೆಸರಿನಲ್ಲಿ ಬರೆಯಿಸಿಕೊಳ್ಳಿ. ಅದರಲ್ಲಿ ಬೆಲೆಯನ್ನು ತುಂಬಿಸಿ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಬರಿಯ ಬಾಡಿಗೆಯವನನ್ನು ಮೂರನೆಯ ಪಕ್ಷವಾಗಿ ಮಾಡುವುದು ಆ ಒಂದು ತುಂಡು ಕಾಗದ.